ಹಳೆ 26 ಇಂಚಿನ ಸೈಕಲ್ಲೋ, ಹೊಸ 29 ಇಂಚಿನದೋ: ಪರ್ಕಳದ ಗುಡ್ಡೆಯಲ್ಲಿ ಎರಡು ತಿಂಗಳು

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಫುಲ್ ಸಸ್ಪೆನ್ಷನ್ (ಮುಂದಿನ, ಹಿಂದಿನ ಎರಡೂ ಚಕ್ರಕ್ಕೆ ಕುಲುಕು ತಡೆಯುವ ಶಾಕ್ ಇರುವ) ಸೈಕಲ್ ಕೊಟ್ಟುಬಿಡುವುದು ಅಂತ ಮನಸ್ಸಿನಲ್ಲಿ ಆಗಿಹೋಗಿತ್ತು. 2012ರ ಮಾಡೆಲ್. 26 ಇಂಚಿನ ಚಕ್ರ, ಮುಂದೂ ಹಿಂದೂ 120 ಮಿ.ಮೀ. ಟ್ರಾವೆಲ್ (ಗುಳಿ ಬಂದಾಗ ಚಕ್ರ ಮೇಲೆ ಕೆಳಗೆ ಆಡುವಷ್ಟು ದೂರ), ಮುಂದೆ ಮೂರು ಹಿಂದೆ ಒಂಬತ್ತು ಗೇರು. ಮಳೆಗಾಲ ಮುಗಿಯುವಾಗ ಅದರ ಅವಸ್ಥೆ ಹೇಗಿತ್ತೆಂದರೆ, ಇಳಿಯುವಾಗ ಹಿಂದಿನಿಂದ ಟಕ್ ಟಕ್, ಹತ್ತುವಾಗ ಚೈನ್ ಜಾರಿ ಮೊಣಕಾಲು ಹೋಗಿ ಹ್ಯಾಂಡಲಿಗೆ, ಶಾಕಿಗೆ ಭಾನುವಾರ ಹಾಕಿದ ಗಾಳಿ ಬುಧವಾರಕ್ಕೆ ಖಾಲಿ. ಒಂದು ಅಂಗಡಿಗೆ ಒಯ್ದೆ. ಸೀಟು ಹಿಡಿದು ಎರಡು ಸಲ ಅಲ್ಲಾಡಿಸಿ, "ಇದಕ್ಕೆ ಇನ್ನು ದುಡ್ಡು ಸುರಿಯಬೇಡಿ, ಪಾರ್ಟ್ಸೇ ಸಿಗುವುದಿಲ್ಲ" ಅಂದರು, ಹೊಸತರ ಬೆಲೆಯನ್ನೂ ಹೇಳಿದರು. ಮೂರು ಲಕ್ಷದ ಹತ್ತಿರ. ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ ಮಾತು: "ಸೈಕಲ್ಲಿಗಾ?"

(ಬೈಕ್ ಅನ್ನದೆ ಸೈಕಲ್ ಅಂತಲೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಬೈಕ್ ಅಂದರೆ ಪೆಟ್ರೋಲ್ ಹಾಕುವಂಥದ್ದು ಅಲ್ವಾ.)

ಅಷ್ಟರಲ್ಲಿ ಗೆಳೆಯನೊಬ್ಬ ಎರಡು ತಿಂಗಳ ಕೆಲಸಕ್ಕೆ ಗಲ್ಫಿಗೆ ಹೊರಟ. ಅವನದು ಹೋದ ವರ್ಷವಷ್ಟೇ ತೆಗೆದ 29 ಇಂಚಿನ ಫುಲ್ ಸಸ್ಪೆನ್ಷನ್, ಮುಂದೆ 140, ಹಿಂದೆ 130. "ಸುಮ್ನೆ ಗೋಡೆಗೆ ಒರಗಿಸಿಟ್ಟರೆ ಬೂಷ್ಟು ಹಿಡಿಯುತ್ತದೆ ಮಾರಾಯ, ನೀನೇ ಓಡಿಸು" ಅಂತ ನಮ್ಮ ಜಗಲಿಯಲ್ಲಿ ಬಿಟ್ಟುಹೋದ. ನಮ್ಮಿಬ್ಬರ ಎತ್ತರ, ತೂಕ ಹೆಚ್ಚುಕಡಿಮೆ ಒಂದೇ. ಭಾವನ ಮಗನ ಹತ್ತಿರ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಒಂದು 29ರ ಹಾರ್ಡ್‌ಟೇಲ್ ಇತ್ತು. ಅದನ್ನೂ ಎರಡು ಭಾನುವಾರಕ್ಕೆ ಕೇಳಿ ತಂದೆ.

ದಾರಿ ಯಾವಾಗಲೂ ಒಂದೇ. ಉಡುಪಿ ಹತ್ತಿರದ ಪರ್ಕಳದ ನಮ್ಮ ಮನೆಯ ಹಿಂದಿನಿಂದ ಹೊರಟು 9 ಕಿ.ಮೀ. ಸುತ್ತು. ಮೊದಲು ಡಾಂಬರಿನ ಏರು, ಮೇಲೆ ಬಯಲು ಪಾದೆ (ಬರೀ ಬಂಡೆಯ ಜಾಗ), ಆಮೇಲೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆ ಕೋರೆಯ ಪಕ್ಕದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಕೆಳಗೆ ಅಡಿಕೆ ತೋಟ, ಒಂದು ತಡಮೆ (ಬೇಲಿ ದಾಟುವ ಜಾಗ), ಗದ್ದೆಯ ಕಟ್ಟಪುಣಿ (ಬದು), ತೋಡಿಗೆ ಹಾಕಿದ ಸಂಕ (ಕಾಲುಸೇತುವೆ), ಮತ್ತೆ ಮನೆ.

ಮೊದಲ ದಿನ ನನ್ನದರಲ್ಲಿ 53 ನಿಮಿಷ, ಅವನದರಲ್ಲಿ 44. ಒಂಬತ್ತು ನಿಮಿಷ! ಅಲ್ಲಿಗೆ ಮುಗಿಯಿತು ಅನ್ನಿಸಿತು. ರಾತ್ರಿ ಲೋನಿನ ಕಂತು ಎಷ್ಟಾಗುತ್ತದೆ ಅಂತಲೂ ನೋಡಿದೆ. ಬೆಳಿಗ್ಗೆ ಎದ್ದು ಯೋಚಿಸಿದರೆ ನಾನು ಹೋಲಿಸಿದ್ದು ಹಳೆ ಸೈಕಲ್ಲನ್ನು ಹೊಸ ಸೈಕಲ್ಲಿನ ಜೊತೆ ಅಲ್ಲ, ಕೆಟ್ಟ ಸೈಕಲ್ಲನ್ನು ಸರಿಯಿದ್ದ ಸೈಕಲ್ಲಿನ ಜೊತೆ. ಮೊದಲು ನನ್ನದನ್ನು ಬಿಚ್ಚೋಣ ಅಂದುಕೊಂಡೆ.

ಬಿಚ್ಚಿದ ಮೇಲೆ ಗೊತ್ತಾದದ್ದು, ತಪ್ಪು ನನ್ನದೇ. ಎರಡು ಮಳೆಗಾಲ ಕೆಸರಾದಾಗೆಲ್ಲ ವಾಟರ್ ಸರ್ವಿಸಿನವರ ಹತ್ತಿರ ಸ್ಕೂಟರ್ ತೊಳೆಯುವ ಗನ್‌ನಲ್ಲೇ ಹೊಡೆಸಿದ್ದೆ. ಹಿಂದಿನ ಲಿಂಕ್, ಅಂದರೆ ಸಸ್ಪೆನ್ಷನ್ ಮಡಚುವ ಕೀಲು, ಕಳಚಿ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಒಂದು ತಿರುಗಲೇ ಇಲ್ಲ, ಇನ್ನೊಂದು ಮರಳು ಅಗಿದ ಹಾಗೆ ಕರಕರ ಅನ್ನುತ್ತಿತ್ತು. ರಬ್ಬರ್ ಸೀಲನ್ನು ಬ್ಲೇಡಿನಿಂದ ಎಬ್ಬಿಸಿದರೆ ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ನೀರು. ತುಕ್ಕೋ ನಮ್ಮ ಗುಡ್ಡೆಯ ಮಣ್ಣೋ ಗೊತ್ತಾಗದಷ್ಟು ಒಂದೇ ಬಣ್ಣ.

ಪಾರ್ಟ್ಸ್ ಸಿಗುವುದಿಲ್ಲ ಅಂದಿದ್ದರಲ್ಲ. ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ. ನನ್ನದರಲ್ಲಿ ನಾಲ್ಕು 6902, ನಾಲ್ಕು 6900. 6902 ಅಂದರೆ ಒಳಗೆ 15 ಮಿ.ಮೀ., ಹೊರಗೆ 28, ದಪ್ಪ 7. ಯಾವ ಕಂಪನಿಯ ಸೈಕಲ್ಲಾದರೂ, ಯಾವ ಮೋಟಾರಾದರೂ ಆ ನಂಬರಿಗೆ ಅದೇ ಅಳತೆ. ಬೇರಿಂಗ್ ಅಂಗಡಿಯವರು ಕೈಯಲ್ಲಿ ತಿರುಗಿಸಿ ನೋಡಿ "ಯಾವ ಪಂಪಿನದ್ದು ಇದು?" ಅಂತ ಕೇಳಿದರು. ಸೈಕಲ್ಲಿನದ್ದು ಅಂದಾಗ ನಂಬಲಿಲ್ಲ, ಆದರೆ ಎಂಟೂ ಕೊಟ್ಟರು. ಹಳೆಯದನ್ನು ಸಾಕೆಟ್ ಒತ್ತುಕೊಟ್ಟು ಉದ್ದ ಬೋಲ್ಟು ನಟ್ಟಿನಿಂದ ಎಳೆದು ಹೊರಗೆ ತೆಗೆದೆ. ಸುತ್ತಿಗೆ ಹಿಡಿಯಬೇಡಿ, ಅಲ್ಯೂಮಿನಿಯಂ ಫ್ರೇಮ್ ಸೀಳಿದರೆ ಆಮೇಲೆ ನಿಜವಾಗಿಯೂ ಹೊಸತೇ ಬೇಕು.

ಶಾಕಿನ ಕಥೆಯೂ ಅದೇ. ಪ್ರತಿ 50 ಗಂಟೆ ಓಡಿಸಿದ ಮೇಲೆ ಗಾಳಿಯ ಕೋಣೆ ಬಿಚ್ಚಿ ಒರೆಸಿ ಎಣ್ಣೆ ಹಾಕಬೇಕು ಅಂತ ಶಾಕ್ ತಯಾರಿಸುವ ರಾಕ್‌ಶಾಕ್ಸ್‌ನವರೇ ಹೇಳುತ್ತಾರೆ. ನಾನು ಮೂರು ವರ್ಷ ಮುಟ್ಟಿರಲಿಲ್ಲ. ಸೀಲ್ ಕಿಟ್ ತರಿಸಿ, ಗಾಳಿ ಪೂರ್ತಿ ಬಿಟ್ಟು (ಬಿಡದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ, ನೆನಪಿರಲಿ) ಮನೆಯಲ್ಲೇ ಬದಲಿಸಿದೆ. ಗಾಳಿಯನ್ನೂ ಮೊದಲಿನ ಹಾಗೆ ಅಂದಾಜಿಗೆ ಹಾಕಲಿಲ್ಲ. ಶಾಕಿನ ಸ್ಟ್ರೋಕ್ (ಅದು ಕುಗ್ಗಬಲ್ಲ ಉದ್ದ) 51 ಮಿ.ಮೀ., ನಾನು ಕೂತಾಗ ಅದರಲ್ಲಿ 14 ಮಿ.ಮೀ. ಕುಗ್ಗುವಷ್ಟು, ಅಂದರೆ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಬೇರಿಂಗು, ಸೀಲು, ಎಣ್ಣೆ ಎಲ್ಲ ಸೇರಿ ನಾಲ್ಕು ಸಾವಿರ ಖರ್ಚಾಯಿತು. ಅದೇ ಸುತ್ತು 49 ನಿಮಿಷಕ್ಕೆ ಇಳಿಯಿತು. ಟಕ್ ಟಕ್ ಹೋಯಿತು, ಸೀಟು ಹಿಡಿದು ಮೇಲೆತ್ತಿದರೆ ಒಂದು ಕೂದಲಿನಷ್ಟೂ ಆಟವಿಲ್ಲ.

ಇಲ್ಲಿಂದ ಮುಂದೆ ಸ್ವಲ್ಪ ಆಸೆ ಹುಟ್ಟಿತು. ಆಸೆ ಹುಟ್ಟಿದರೆ ದುಡ್ಡು ನಿಲ್ಲುವುದಿಲ್ಲ, ಅದೂ ಗೊತ್ತಿರುವ ವಿಷಯವೇ.

640 ಮಿ.ಮೀ. ಹ್ಯಾಂಡಲ್ ತೆಗೆದು 760ರದ್ದು ಹಾಕಿದೆ, 90ರ ಸ್ಟೆಮ್ (ಹ್ಯಾಂಡಲನ್ನು ಹಿಡಿಯುವ ತುಂಡು) ಹೋಗಿ 60ರದ್ದು ಬಂತು. 3,200 ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬದಲಾವಣೆ ಬೇರೆ ಯಾವುದರಲ್ಲೂ ಆಗಲಿಲ್ಲ. 50ರ ಸ್ಟೆಮ್ ಕೂಡ ಹಾಕಿ ನೋಡಿದ್ದೆ, ಹಳೆ ಫ್ರೇಮ್ ಉದ್ದ ಕಡಿಮೆ ಇರುವುದರಿಂದ ನಿಂತು ತುಳಿಯುವಾಗ ಮೊಣಕಾಲು ತಾಗಿತು.

ಗೇರಿಗೆ 19 ಸಾವಿರ. ಶಿಮಾನೊ ಡಿಯೋರ್ 11 ಸ್ಪೀಡ್, ಅಂದರೆ ಹಿಂದೆ 11 ಹಲ್ಲುಚಕ್ರ, 11ರಿಂದ 51 ಹಲ್ಲಿನವು. ಇದು ಹಳೆ 9 ಸ್ಪೀಡಿನ ಹಬ್ಬಿಗೇ (ಹಿಂಚಕ್ರದ ನಡುಭಾಗಕ್ಕೇ) ಕೂರುತ್ತದೆ. ಅವರದೇ 12 ಸ್ಪೀಡ್ 10-51 ಕೂರುವುದಿಲ್ಲ, ಅದಕ್ಕೆ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆಯೇ ಹಬ್ ಬೇಕು. ಮುಂದೆ ಪೆಡಲಿನ ಮೂರು ಹಲ್ಲುಚಕ್ರ ತೆಗೆದು 32 ಹಲ್ಲಿನದು ಒಂದೇ. ಏರಿಗೆ ಗೇರು ಸಾಲದೇನೋ ಅಂತ ಹೆದರಿಕೆ ಇತ್ತು. ಲೆಕ್ಕ ಹಾಕಿದರೆ ಮೊದಲು ಮುಂದಿನ 22 ಹಲ್ಲಿಗೆ ಹಿಂದೆ 34, ಅಂದರೆ ಪೆಡಲ್ ಒಂದು ಸುತ್ತಿಗೆ ಹಿಂಚಕ್ರ 0.65 ಸುತ್ತು. ಈಗ 32ಕ್ಕೆ 51, 0.63. ಮೊದಲಿಗಿಂತ ಹಗುರವೇ. ಕಳೆದುಕೊಂಡದ್ದು ಆಚೆ ತುದಿಯಲ್ಲಿ. ಹೆಬ್ರಿ ರಸ್ತೆಯ ಇಳಿಜಾರಿನಲ್ಲಿ 32 ಕಿ.ಮೀ. ವೇಗ ದಾಟಿದರೆ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ. ನನಗೆ ಅದು ಬೇಕಾಗಿಲ್ಲ. ನಿಮಗೆ ರಸ್ತೆಯ ಓಟವೇ ಜಾಸ್ತಿ ಇದ್ದರೆ ಮೂರು ಚಕ್ರವನ್ನು ಬಿಸಾಡಬೇಡಿ.

ಕೊನೆಗೆ ಡ್ರಾಪರ್, ಅಂದರೆ ಹ್ಯಾಂಡಲಿನಲ್ಲಿ ಲಿವರ್ ಒತ್ತಿದರೆ ಸೀಟು ಇಳಿಯುವಂಥ ಕಂಬ. 13 ಸಾವಿರ. ಹಳೆ ಫ್ರೇಮಿನೊಳಗೆ ಕೇಬಲ್ ಹೋಗಲು ತೂತಿಲ್ಲ, ಹೊರಗಿಂದ ಎಳೆಯುವಂಥದ್ದೇ ಹುಡುಕಬೇಕಾಯಿತು. ಕೋರೆಯ ಮೆಟ್ಟಿಲಲ್ಲಿ ನಾನು ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಎರಡು ಜಾಗವನ್ನು ಈಗ ಕೂತೇ ಇಳಿಯುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಕೂತಲ್ಲ, ಸೀಟಿನ ಹಿಂದೆ ನೇತಾಡಿಕೊಂಡು.

ಈಗ 46 ನಿಮಿಷ. ಗೆಳೆಯನದು 44. ಎದುರುಬದುರು ನಿಲ್ಲಿಸುವುದಾದರೆ ಈಗ ನಿಲ್ಲಿಸಬಹುದು.

ಕೋರೆಯ ಇಳಿಜಾರಿನಲ್ಲಿ ಹೊಸತರ ಮುಂದೆ ನನ್ನದು ಲೆಕ್ಕಕ್ಕಿಲ್ಲ. ಇದನ್ನು ಯಾವ ಪಾರ್ಟೂ ಸರಿಮಾಡುವುದಿಲ್ಲ. ಅವನ ಸೈಕಲ್ಲಿನ ಮುಂದಿನ ಕವಲು ನೆಲಕ್ಕೆ 66 ಡಿಗ್ರಿ ಓರೆ, ನನ್ನದು 69.5, ಇನ್ನಷ್ಟು ನೆಟ್ಟಗೆ. ಮೆಟ್ಟಿಲಿನ ಅಂಚಿಗೆ ಮುಂದಿನ ಚಕ್ರ ಬಂದಾಗ ನನ್ನದರಲ್ಲಿ ಜೀವ ಒಂದು ಕ್ಷಣ ಹ್ಯಾಂಡಲಿನ ಆಚೆ ಇರುತ್ತದೆ. ಅವನದರಲ್ಲಿ ಚಕ್ರ ದೂರ ಮುಂದೆ ಇದೆ, ದೊಡ್ಡದೂ ಇದೆ, ಅಂಚನ್ನು ನುಂಗಿ ಹೋಗುತ್ತದೆ. ಪಾದೆಯ ಮೇಲೂ ಹಾಗೇ. ಕೆಂಪುಕಲ್ಲಿನ ಗುಳಿಗಳಿಗೆ 26 ಇಂಚಿನ ಚಕ್ರ ಬಿದ್ದು ಎದ್ದು ಹೋದರೆ 29 ಮೇಲಿಂದ ಮೇಲೆ ತೇಲುತ್ತದೆ.

ಏರಿನಲ್ಲಿ ಆಶ್ಚರ್ಯ ಕಾದಿತ್ತು. ಅವನದರಲ್ಲೂ 32ಕ್ಕೆ 51 ಹಲ್ಲೇ. ಆದರೆ ಚಕ್ರ ದೊಡ್ಡದಾದ್ದರಿಂದ ಅದೇ ಗೇರು ಶೇ 10ರಷ್ಟು ಭಾರ. ಪರ್ಕಳದ ಕಡಿದಾದ ತಿರುವಿನಲ್ಲಿ ನನಗೆ ನನ್ನದೇ ಸಲೀಸು. ಸಡಿಲ ಜಲ್ಲಿ ಬಂದರೆ ಮಾತ್ರ ಅವನದರ ಹಿಡಿತ ಜಾಸ್ತಿ.

ಅಡಿಕೆ ತೋಟಕ್ಕೆ ಇಳಿದ ಮೇಲೆ ಆಟ ಪೂರ್ತಿ ತಿರುಗಿತು. ತಡಮೆಯಲ್ಲಿ ಎತ್ತಿ ದಾಟಿಸಬೇಕು: ನನ್ನದು 13.8 ಕೆ.ಜಿ., ಅವನದು 15.2. ಕಟ್ಟಪುಣಿ ಒಂದು ಅಡಿ ಅಗಲ, ಮೂಲೆಯಲ್ಲಿ ನೇರ 90 ಡಿಗ್ರಿ ತಿರುವು. ನನ್ನದು ಎಮ್ಮೆಕರುವಿನ ಹಾಗೆ ನಿಂತಲ್ಲೇ ತಿರುಗುತ್ತದೆ. ಅವನ ಉದ್ದ ಸೈಕಲ್ಲನ್ನು ತಿರುಗಿಸಲು ಹೋಗಿ ನಾನು ಎರಡು ಸಲ ಗದ್ದೆಗೆ ಬಿದ್ದೆ. ಒಂದು ಸಲ ನೇಜಿಯ (ಭತ್ತದ ಸಸಿಯ) ಮೇಲೆ. ಗದ್ದೆಯ ಯಜಮಾನರು ಅಂಗಳದಿಂದಲೇ "ಆ ಸಣ್ಣ ಸೈಕಲ್ ಎಲ್ಲಿಗೆ ಹೋಯಿತು ನಿಮ್ಮದು?" ಅಂತ ಕೇಳಿದರು. ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. 26 ಇಂಚಿನ ಟ್ಯೂಬ್ ನಮ್ಮ ಕಡೆ ಯಾವ ಪೇಟೆಯ ಸೈಕಲ್ ಅಂಗಡಿಯಲ್ಲೂ ಇದೆ, ಶಾಲೆಗೆ ಹೋಗುವ ಮಕ್ಕಳ ಗೇರ್ ಸೈಕಲ್ಲಿಗೂ ಅದೇ ಅಳತೆ. ಆದರೆ ಒಳ್ಳೆಯ ಹಿಡಿತದ, ದಪ್ಪ ಗೋಡೆಯ 26ರ ಟಯರ್ ಹುಡುಕುವುದು ವರ್ಷವರ್ಷಕ್ಕೆ ಕಷ್ಟವಾಗುತ್ತಿದೆ. 29ರದ್ದು ಇದಕ್ಕೆ ಸರಿ ಉಲ್ಟಾ.

ಹಾರ್ಡ್‌ಟೇಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 45 ನಿಮಿಷ, ಹೌದು, ನನ್ನದಕ್ಕಿಂತ ಒಂದು ನಿಮಿಷ ಬೇಗ. ಏರಿನಲ್ಲಿ ಗಾಳಿಯ ಹಾಗೆ ಹೋಯಿತು. ಬಿಚ್ಚಲು ಬೇರಿಂಗಿಲ್ಲ, ಶಾಕಿಲ್ಲ, ನಮ್ಮ ಮಳೆಗೆ ಇದೇ ಸರಿ ಅಂತ ತಲೆ ಹೇಳುತ್ತದೆ. ಸೊಂಟ ಒಪ್ಪಲಿಲ್ಲ. ಪಾದೆ ದಾಟಿದ ಮೇಲೆ ಎರಡು ದಿನ ಚಾಪೆಯ ಮೇಲೆ ಮಲಗಿದ್ದೆ. ನನಗೆ 44 ವರ್ಷ, ಇಪ್ಪತ್ತರ ಹುಡುಗರು ಈ ಮಾತನ್ನು ಬಿಟ್ಟು ಓದಿ.

ಒಟ್ಟು ನನಗೆ ಖರ್ಚಾದದ್ದು ಸುಮಾರು 39 ಸಾವಿರ. ಹಳೆ ಸೈಕಲ್ಲಿಗೆ ಇಷ್ಟಾ ಅಂತ ಕೇಳಿದವರಿಗೆ ನನ್ನ ಉತ್ತರ: ಹಾಕುವ ಮುಂಚೆ ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಕೇಳಿಕೊಂಡೆ, ನಾಳೆ ಬೇರೆ ಸೈಕಲ್ ಬಂದರೆ ಇದು ಅದಕ್ಕೆ ದಾಟುತ್ತದೋ ಇಲ್ಲವೋ? ಹ್ಯಾಂಡಲ್, ಸ್ಟೆಮ್ ದಾಟುತ್ತವೆ. ಗೇರು ಬದಲಿಸುವ ಶಿಫ್ಟರ್, ಡಿರೇಲರ್ ದಾಟುತ್ತವೆ. ಡ್ರಾಪರ್ 30.9 ಮಿ.ಮೀ., ಹೊಸ ಫ್ರೇಮಿನ ತೂತು 31.6 ಇದ್ದರೆ ತೆಳು ಶಿಮ್ (ಲೋಹದ ತಗಡಿನ ಬಳೆ) ಸುತ್ತಿ ಕೂರಿಸಬಹುದು. ದಾಟದ್ದು ಹೊಸ ಫೋರ್ಕ್ (ಮುಂದಿನ ಕವಲು) ಮತ್ತು ಹೊಸ ಚಕ್ರ. ನನ್ನ ಫ್ರೇಮಿಗೆ ಮೇಲಿಂದ ಕೆಳಗೆ ಒಂದೇ ದಪ್ಪದ ಸ್ಟೀರರ್ (ಫ್ರೇಮಿನೊಳಗೆ ಹೋಗುವ ಕವಲಿನ ಕೊಳವೆ) ಬೇಕು, ಈಗಿನವು ಕೆಳಗೆ ದಪ್ಪ. ಹಿಂದಿನ ಹಬ್ 135 ಮಿ.ಮೀ., ಈಗಿನ ಬೂಸ್ಟ್ ಅನ್ನುವ ಅಳತೆಯ ಫ್ರೇಮುಗಳಲ್ಲಿ 148. ಒಬ್ಬರು ಬೆಂಗಳೂರಿನಲ್ಲಿ 26ರ ಸೆಕೆಂಡ್ ಹ್ಯಾಂಡ್ ಫೋರ್ಕ್ 22 ಸಾವಿರಕ್ಕೆ ಕೊಡುತ್ತೇನೆ ಅಂದಿದ್ದರು. ಮುಂಗಡ ಕಳಿಸಲು ಫೋನ್ ಕೈಯಲ್ಲಿ ಹಿಡಿದಿದ್ದೆ, ಅಷ್ಟರಲ್ಲಿ ಈ ಪ್ರಶ್ನೆ ನೆನಪಾಗಿ ಬಿಟ್ಟುಬಿಟ್ಟೆ.

ಗೆಳೆಯ ಡಿಸೆಂಬರಿನಲ್ಲಿ ಬಂದ. ಸೈಕಲ್ ತೊಳೆದು, ಬಕೆಟ್ ಮತ್ತು ಬಟ್ಟೆಯಲ್ಲೇ, ವಾಪಸ್ ಕೊಟ್ಟೆ. "ನಿನಗೂ ಒಂದು ಬುಕ್ ಮಾಡುವುದಾ?" ಅಂತ ಕೇಳಿದ. ಸದ್ಯ ಬೇಡ ಅಂದೆ. ನಾನು ಓಡಿಸುವ 9 ಕಿ.ಮೀ.ನಲ್ಲಿ ಹೊಸತು ನಿಜವಾಗಿ ಗೆಲ್ಲುವುದು ಪಾದೆ ಮತ್ತು ಕೋರೆಯ ಒಂದೂವರೆ ಕಿ.ಮೀ.ನಲ್ಲಿ ಮಾತ್ರ. ಅಷ್ಟಕ್ಕೆ ಮೂರು ಲಕ್ಷ ನನ್ನ ಕೈಯಿಂದ ಏಳುತ್ತಿಲ್ಲ. ಪ್ರತಿ ವಾರ ಘಟ್ಟ ಹತ್ತಿ ಕಲ್ಲುದಾರಿ ಇಳಿಯುವವರಾದರೆ ನಿಮ್ಮ ಲೆಕ್ಕ ಬೇರೆ, ಹೊಸತನ್ನೇ ತೆಗೆಯಿರಿ ಅನ್ನುತ್ತೇನೆ. ನನ್ನದಕ್ಕೂ ಒಂದು ಗಡಿ ಹಾಕಿಕೊಂಡಿದ್ದೇನೆ. ಫ್ರೇಮಿನ ಬೆಸುಗೆಯ ಹತ್ತಿರ ಬಿರುಕು ಕಂಡರೆ, ಅಥವಾ ಶಾಕ್ ಪೂರ್ತಿ ಕೈಕೊಟ್ಟರೆ, ಅಲ್ಲಿಗೆ ನಿಲ್ಲಿಸುವುದು. ಶಾಕಿನ ಅಳತೆ ಏಳೂವರೆಗೆ ಎರಡು ಇಂಚು, ಹೊಸ ಫ್ರೇಮುಗಳು ಮಿ.ಮೀ. ಅಳತೆಗೆ ಹೋಗಿ ವರ್ಷಗಳಾದವು.

ಅಲ್ಲಿವರೆಗೆ ಹಿಂದಿನ ಟಯರ್ ಒಂದು ಬೇಕು. 26 ಇಂಚು, 2.3 ಅಗಲ. ಯಾರ ಅಟ್ಟದಲ್ಲಾದರೂ ಬಿದ್ದಿದ್ದರೆ ಹೇಳಿ, ಉಡುಪಿಯಿಂದ ಮಂಗಳೂರಿನವರೆಗೆ ಎಲ್ಲಿದ್ದರೂ ಬಂದು ಒಯ್ಯುತ್ತೇನೆ.