ಬಯೋಶಾಕ್: ಮುಕ್ಕಾಲು ಭಾಗದವರೆಗೆ ಅದ್ಭುತ ಕಥನ
2007ರಲ್ಲಿ ಬಿಡುಗಡೆಯಾದ ಬಯೋಶಾಕ್ ಎಂಬ ವಿಡಿಯೊ ಗೇಮ್‌ನ ಕಥೆ 1960ರಲ್ಲಿ, ಅಟ್ಲಾಂಟಿಕ್ ಸಾಗರದ ತಳದಲ್ಲಿರುವ ರ‍್ಯಾಪ್ಚರ್ ಎಂಬ ಪಾಳುಬಿದ್ದ ನಗರದಲ್ಲಿ ನಡೆಯುತ್ತದೆ. ಸರ್ಕಾರ, ಧರ್ಮಗಳ ಹಂಗಿಲ್ಲದ ಸಮಾಜ ಕಟ್ಟಹೊರಟ, ಈ ನಗರದ ಸ್ಥಾಪಕ ಆಂಡ್ರ್ಯೂ ರಯಾನ್‌ನ ಕನಸು ಹೇಗೆ ಕುಸಿಯಿತೆಂಬುದನ್ನು ಸೋರುವ ಗೋಡೆಗಳು, ಜಾಹೀರಾತು ಫಲಕಗಳು ಮತ್ತು ಅಲ್ಲಲ್ಲಿ ಬಿದ್ದಿರುವ ಧ್ವನಿಮುದ್ರಿಕೆಗಳಿಂದ ಆಟಗಾರನೇ ಜೋಡಿಸಿಕೊಳ್ಳುವಂತೆ ಮಾಡಿರುವುದು ಇದರ ದೊಡ್ಡ ಶಕ್ತಿ. (ಇಷ್ಟೊಂದು ಮಂದಿ ತಮ್ಮ ಗುಟ್ಟುಗಳನ್ನು ಟೇಪಿನಲ್ಲಿ ಹೇಳಿ ಎಲ್ಲೆಂದರಲ್ಲಿ ಬಿಟ್ಟುಹೋಗುತ್ತಾರೆಯೇ ಎಂಬುದು ಬೇರೆ ಮಾತು.) ರೇಡಿಯೊದಲ್ಲಿ ಬಂದ ಸೂಚನೆಗಳನ್ನು ಪ್ರಶ್ನಿಸದೆ ಪಾಲಿಸುವ ನಮ್ಮ ಅಭ್ಯಾಸವನ್ನೇ ಕಥೆಯ ತಿರುವಾಗಿಸಿದ ರಯಾನ್ ಭೇಟಿಯ ದೃಶ್ಯವಂತೂ ಬಂದೂಕಿನ ಆಟಗಳಲ್ಲಿ ಅಪರೂಪದ್ದು. ಅಲ್ಲಿಂದ ಮುಂದೆ ಕಥೆ ಇಳಿಯುತ್ತಲೇ ಹೋಗುತ್ತದೆ: ಆ ಸೂಚನೆಗಳ ಹಿಂದಿನ ವಂಚನೆ ಬಯಲಾದ ಮೇಲೂ ನಾವು ಮತ್ತೊಂದು ದನಿಯ ಸೂಚನೆಯನ್ನೇ ಪಾಲಿಸುತ್ತೇವೆ, ಕೊನೆಯ ಕಾಳಗ ಮಾಮೂಲಿ ಹೊಡೆದಾಟವಾಗುತ್ತದೆ, ಮತ್ತು ಲಿಟಲ್ ಸಿಸ್ಟರ್ ಎಂಬ, ಆಟಗಾರನ ಬಲ ಹೆಚ್ಚಿಸುವ ವಸ್ತುವನ್ನು ಮೈಯಲ್ಲಿ ಹೊತ್ತ ಬಾಲಕಿಯರನ್ನು ಉಳಿಸುವ ಅಥವಾ ಬಲಿಕೊಡುವ ಆಯ್ಕೆಯು, ಉಳಿಸಿದವರಿಗೂ ಉಡುಗೊರೆಗಳು ಸಿಗುವುದರಿಂದ, ತನ್ನ ನೈತಿಕ ಭಾರವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.