ಉಗುಳು ಕಳಿಸಿ ತರಿಸಿದ ಮರೆವಿನ ರಿಪೋರ್ಟ್: ಅರ್ಧ ದುಡ್ಡು ದಂಡ

ಸಾರಿಗೆ ಮೂರು ಸಲ ಉಪ್ಪು ಹಾಕಿದ ದಿನವೇ ಅಮ್ಮನ ಮೇಲೆ ನಮಗೆ ಮೊದಲು ಅನುಮಾನ ಬಂತು. ಅದಾಗಿ ಆರು ವರ್ಷ. ಈಗ ಅವಳಿಗೆ ನನ್ನ ಹೆಸರು ನೆನಪಿಲ್ಲ. ನನಗೆ 54. ಒಂದು ದಿನ ಗ್ಯಾಸ್ ಆರಿಸಲು ಮರೆತೆ ನೋಡಿ, ಎದೆ ಝಲ್ ಎಂದಿತು. ಆ ಭಯದಲ್ಲೇ ಒಂದು ಕಂಪನಿಯ ಜೀನ್ ಪರೀಕ್ಷೆ ಕಿಟ್ ತರಿಸಿದೆ. ₹13,500.

ಕಿಟ್ ಬಗ್ಗೆ ತಕರಾರಿಲ್ಲ. ಅರ್ಧ ಗಂಟೆ ಏನೂ ತಿನ್ನದೆ, ನೀರೂ ಕುಡಿಯದೆ, ಕೊಳವೆಯ ಗೆರೆಯವರೆಗೆ ಉಗುಳು ತುಂಬಿಸಬೇಕು. ಐದು ವಾರಕ್ಕೆ ರಿಪೋರ್ಟ್ ಬಂತು.

ಮೊದಲ ಭಾಗ ಎಪಿಒಇ ಜೀನ್. ಅದರ ಇ4 ರೂಪ ನನಗೆ ಅಪ್ಪ-ಅಮ್ಮರಲ್ಲಿ ಒಬ್ಬರಿಂದ ಬಂದಿದೆ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು ಎಂದು ಬರೆದಿದ್ದರು. ಈ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದ ಜನರದ್ದು, ಇ4 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರಬಹುದು ಎಂದೂ ಹೇಳಿದ್ದರು. ಈ ಭಾಗ ಓದಿ ನನಗೆ ಸಮಾಧಾನವೇ ಆಯಿತು.

ಎರಡನೇ ಭಾಗದ ಹೆಸರು 'ನಿಮ್ಮ ಮೆದುಳಿನ ಎಪಿಜೆನೆಟಿಕ್ ಸ್ಕೋರ್'. ಜೀನಿನ ಅಕ್ಷರ (ಡಿಎನ್ಎ ಬರಹ) ಬದಲಾಗದೆ, ಅದರ ಮೇಲೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಕೂರುತ್ತದೆ. ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲಿ ಅದರ ಕೈ ಇರುತ್ತದೆ. ವಯಸ್ಸು, ಸಿಗರೇಟು ಎಲ್ಲ ಈ ಗುರುತನ್ನು ಬದಲಿಸುತ್ತವೆ. ನನ್ನ ರಿಪೋರ್ಟಿನಲ್ಲಿ ಎಎನ್‌ಕೆ1 ಎಂಬ ಜೀನಿನ ಎದುರು ಕೆಂಪು ಬಣ್ಣ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರೆ ಆ ಹುಡುಗಿ ರಿಪೋರ್ಟಿನ ಸಾಲುಗಳನ್ನೇ ಓದಿ ಹೇಳಿದಳು. ಮಾರನೇ ದಿನ ವಿಟಮಿನ್ ಮಾತ್ರೆ ಕೊಳ್ಳಿ ಎಂದು ಮೆಸೇಜ್ ಬಂತು. ಹೆದರಿದವರಿಗೆ ಹೀಗಾ ಮಾಡುವುದು?

ಅಮ್ಮನನ್ನು ನೋಡುವ ನರರೋಗ ಡಾಕ್ಟರಿಗೆ ತೋರಿಸಿದೆ. "ನೋಡಿ ಮೇಡಂ, ಎಎನ್‌ಕೆ1 ಜೀನಿನಲ್ಲಿ ಆಲ್ಝೈಮರ್ ಜೊತೆ ನಂಟಿರುವ ಬದಲಾವಣೆಯನ್ನು 2014ರಲ್ಲಿ ಕಂಡದ್ದು ತೀರಿಕೊಂಡವರು ದಾನ ಕೊಟ್ಟ ಮೆದುಳಿನಲ್ಲಿ. ನೀವು ಕಳಿಸಿದ್ದು ಉಗುಳು" ಎಂದರು. ಉಗುಳಿನಲ್ಲಿ ಸಿಗುವುದು ಕೆನ್ನೆಯ ಒಳಗಿನ ಜೀವಕೋಶ, ಬಿಳಿ ರಕ್ತಕಣ. ಜೀನಿನ ಅಕ್ಷರ ಮೈಯ ಯಾವ ಕೋಶದಲ್ಲಿ ಓದಿದರೂ ಒಂದೇ, ಅದಕ್ಕೇ ಎಪಿಒಇ ಉಗುಳಿನಲ್ಲೂ ಸರಿಯಾಗಿ ಗೊತ್ತಾಗುತ್ತದೆ. ಮಿಥೈಲ್ ಗುರುತು ಹಾಗಲ್ಲ, ಒಂದೊಂದು ಬಗೆಯ ಕೋಶದಲ್ಲಿ ಒಂದೊಂದು ಥರ. ಕೆನ್ನೆಯ ಕೋಶ ನೋಡಿ ಮೆದುಳಿನ ಸ್ಕೋರ್ ಬರೆದರೆ ಹೇಗೆ ನಂಬುವುದು, ಅಲ್ವಾ? ಮೆದುಳಿನಲ್ಲೇ ಕಂಡರೂ ಅದು ಕಾಯಿಲೆ ತಂದದ್ದೋ, ಕಾಯಿಲೆಯಿಂದ ಆದದ್ದೋ ಹೇಳುವುದು ಕಷ್ಟವಂತೆ.

ಡಾಕ್ಟರು ಅಲ್ಲೇ ನನ್ನ ಬಿಪಿ ನೋಡಿದರು. 152. ಎಡಕಿವಿ ಮಂದ ಎಂದೂ ಗೊತ್ತಾಯಿತು. ಮರೆವಿನ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಸಂಗತಿಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ನನ್ನ ಎರಡೂ ಅದರಲ್ಲಿವೆ. ಈಗ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಕಿವಿಗೆ ಮೆಷಿನ್ ಹಾಕಿಸಿದ್ದೇನೆ.

ನನ್ನ ತಂಗಿ "ಅಕ್ಕಾ, ನಾನೂ ತರಿಸಲಾ?" ಎಂದಳು. ಬೇಡ, ಮೊದಲು ಬಿಪಿ ನೋಡಿಸಿಕೊಂಡು ಬಾ ಎಂದೆ. ಐದಕ್ಕೆ ಎರಡು ಸ್ಟಾರ್. ಎರಡೂ ಎಪಿಒಇ ಭಾಗಕ್ಕೆ.