ಸ್ವಂತ ಖರ್ಚಲ್ಲಿ ತಂದ ಕವನ ಸಂಕಲನಕ್ಕೆ ಎಐ ವಿಮರ್ಶೆ: ಎಲ್ಲಿ ಉಪಯೋಗ, ಎಲ್ಲಿ ನಂಬಬಾರದು

ಸ್ವಂತ ದುಡ್ಡಲ್ಲಿ ಕವನ ಸಂಕಲನ ಪ್ರಿಂಟ್ ಮಾಡ್ಸಿದೋರಿಗೆ ಗೊತ್ತಿರುತ್ತೆ, ಪುಸ್ತಕ ಬಂದ್ಮೇಲೆ ನಿಜವಾದ ಅಭಿಪ್ರಾಯ ಸಿಗೋದು ಎಷ್ಟು ಕಷ್ಟ ಅಂತ. ಗೌರವ ಪ್ರತಿ ತಗೊಂಡೋರು ವಾಟ್ಸಾಪಲ್ಲಿ "ಚೆನ್ನಾಗಿದೆ ಸರ್, ಅಭಿನಂದನೆಗಳು" ಅಂತ ಕಳಿಸ್ತಾರೆ, ಮುನ್ನುಡಿ ಬರೆಯೋ ಹಿರಿಯರು ಒಳ್ಳೇದನ್ನೇ ಬರೀತಾರೆ (ಹೊಸಬರ ಬೆನ್ನು ತಟ್ಟೋದೇ ಮುನ್ನುಡಿ ಕೆಲಸ, ಅದು ತಪ್ಪಲ್ಲ), ಪತ್ರಿಕೆಗೆ ಎರಡು ಪ್ರತಿ ಕಳಿಸಿದ್ರೆ ಸಾದರ ಸ್ವೀಕಾರದಲ್ಲಿ ಹೆಸರು ಬರುತ್ತೆ, ಅಲ್ಲಿಗೆ ಮುಗೀತು. ಯಾವ ಪದ್ಯ ನಿಂತಿದೆ ಯಾವ್ದು ಬಿದ್ದಿದೆ ಅಂತ ಯಾರೂ ಹೇಳಲ್ಲ. ಎರಡನೇ ಮುದ್ರಣಕ್ಕೆ ಮುಂಚೆ ಪದ್ಯಗಳನ್ನ ತಿದ್ದಬೇಕಿತ್ತು, ಅದಕ್ಕೇ ಫೋನಲ್ಲಿ ಫ್ರೀಯಾಗಿ ಸಿಗೋ ಒಂದು ಎಐ ಚಾಟ್ ಆ್ಯಪ್‌ಗೆ ಪೂರ್ತಿ ಸಂಕಲನ ಓದಿಸ್ದೆ. ಆ್ಯಪ್ ಹೆಸರು ಹೇಳಲ್ಲ, ನಾನು ನೋಡಿದ್ದು ಅದೊಂದನ್ನೇ.

ಮೊದಲು ಫೈಲ್ ವಿಷಯ. ಡಿಟಿಪಿ ಮಾಡೋರು ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಫಾಂಟ್) ಪೇಜ್ ಕಟ್ಟಿದ್ರೆ ಆ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಕನ್ನಡ ಬರಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡು ಏನೇನೋ ಬರುತ್ತೆ, ಅದನ್ನೇ ಎಐಗೆ ಕೊಟ್ರೆ ಅದು ಊಹೆ ಮಾಡ್ಕೊಂಡು ಇಲ್ಲದ ಪದ್ಯಕ್ಕೆ ವಿಮರ್ಶೆ ಬರೆದುಬಿಡುತ್ತೆ! ಹಾಗಾಗಿ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೇ ಅಂತ ಬೇರೆ ಸಂಕೇತ ಇರೋ ಪದ್ಧತಿ) ಬದಲಾಯಿಸಿ, ಒತ್ತಕ್ಷರ ಅರ್ಕಾವತ್ತು ಸರಿ ಇದ್ಯಾ ಅಂತ ಒಂದ್ಸಲ ಕಣ್ಣಾಡಿಸಿ ಆಮೇಲೆ ಕೊಡಿ. ಪುಸ್ತಕದ ಫೋಟೋ ತೆಗೆದು ಹಾಕೋದು ಬೇಡ, ಒತ್ತಕ್ಷರ ತಪ್ಪಾಗಿ ಓದುತ್ತೆ.

"ಹೇಗಿದೆ" ಅಂತ ಕೇಳಿದ್ರೆ ಹೊಗಳಿಕೆ ಬಿಟ್ಟು ಬೇರೇನೂ ಬರಲ್ಲ. ಮನಮುಟ್ಟುವ, ಆಳವಾದ, ಸೂಕ್ಷ್ಮ ಸಂವೇದನೆಯ, ಇವೇ ಮಾತು ಎಲ್ಲಾ ಪದ್ಯಕ್ಕೂ. ಸಂಕಲನದಲ್ಲಿ ನನಗೇ ಇಷ್ಟ ಇಲ್ಲದ, ಪುಟ ತುಂಬಲಿ ಅಂತ ಸೇರಿಸಿದ್ದ ಒಂದು ಪದ್ಯಕ್ಕೂ ಅದೇ ಮಾತು ಬಂತು. "ಕಟುವಾಗಿ ವಿಮರ್ಶೆ ಮಾಡು" ಅಂದ್ರೆ ಈ ಕಡೆಯಿಂದ ಆ ಕಡೆಗೆ ಹಾರಿ ಒಳ್ಳೇ ಪದ್ಯದಲ್ಲೂ ತಪ್ಪು ಹುಡುಕುತ್ತೆ. ಎರಡರಿಂದಲೂ ಕವಿಗೆ ಉಪಯೋಗ ಇಲ್ಲ.

ನನಗೆ ತುಂಬಾ ಬೇಜಾರಾಗಿದ್ದು ಸೀಗಿ ಹುಣ್ಣಿಮೆ ಪದ್ಯದ ವಿಷಯದಲ್ಲಿ. ನಾನು ಗದಗ ಕಡೆಯವನು. ದಸರಾ ಮುಗಿದು ಬರೋ ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲಾ ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗ್ತೀವಿ, ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡ್ತೀವಿ, ಹೊಲದ ಸುತ್ತ ಚರಗ (ಎಡೆ ಇಟ್ಟ ಅಡುಗೆ) ಚೆಲ್ತೀವಿ. ಆ ಹೊತ್ತಿಗೆ ಬೆಳೆ ಹೊತ್ತ ಭೂತಾಯಿ ಬಸುರಿ, ಅವಳ ಬಯಕೆ ತೀರಿಸೋಕೆ ಈ ಊಟ ಅನ್ನೋದು ನಮ್ಮ ಕಡೆ ಹಳ್ಳಿ ಹಳ್ಳೀಲೂ ಇರೋ ನಂಬಿಕೆ. ಎಐ ಇದನ್ನ ಬೆಳದಿಂಗಳ ಪ್ರೇಮ ಪದ್ಯ ಅಂತ ಓದ್ತು. ಐದು ಕಲ್ಲು ಪಂಚೇಂದ್ರಿಯಗಳ ಸಂಕೇತ ಅಂತು. ಹೋಗ್ಲಿ ಬಿಡಿ ಅನ್ನಬಹುದು, ಆದ್ರೆ ಕೊನೆಗೆ "ಭೂಮಿಯನ್ನು ಗರ್ಭಿಣಿಯಾಗಿ ಕಾಣುವ ಕವಿಯ ಕಲ್ಪನೆ ಅತ್ಯಂತ ನವೀನ" ಅಂತ ಬರೀತು ನೋಡಿ, ಅಲ್ಲಿ ನನಗೆ ತಡೆಯೋಕಾಗ್ಲಿಲ್ಲ. ತಲೆತಲಾಂತರದಿಂದ ಹೊಲದಲ್ಲಿ ಎಡೆ ಇಡ್ತಾ ಬಂದ ಹೆಣ್ಮಕ್ಕಳ ಕಲ್ಪನೆ ಅದು, ನಂದಲ್ಲ. ಆ ಪದ್ಯದಲ್ಲಿ ನನ್ನದು ಅಂತ ಏನಾದ್ರೂ ಇದ್ರೆ ಮಗು ಕಳ್ಕೊಂಡ ಅತ್ತಿಗೆ ಅದೇ ಚರಗ ಚೆಲ್ಲೋ ನಾಲ್ಕು ಸಾಲು, ಅದರ ಬಗ್ಗೆ ಒಂದಕ್ಷರ ಇಲ್ಲ. ಯಾವುದು ಸೀಮೆಯ ಸೊತ್ತು, ಯಾವುದು ಕವಿ ಹೊಸದಾಗಿ ಸೇರಿಸಿದ್ದು ಅಂತ ಗೊತ್ತಿಲ್ಲದೆ ವಿಮರ್ಶೆ ಮಾಡೋಕೆ ಆಗುತ್ತಾ? ಹಬ್ಬದ ವಿಷಯ ವಿವರಿಸಿ ಹೇಳಿದ್ಮೇಲೆ ಒಪ್ಕೊಂಡು ಚೆನ್ನಾಗೇ ಬರೀತು, ಆದ್ರೆ ಬರೆದಿದ್ದೆಲ್ಲಾ ನಾನು ಹೇಳಿದ್ದನ್ನೇ.

ಛಂದಸ್ಸಂತೂ ನಂಬಲೇಬೇಡಿ. ಭಾಮಿನಿ ಷಟ್ಪದಿಯಲ್ಲಿ ಎರಡು ಪದ್ಯ ಇವೆ ನನ್ನ ಸಂಕಲನದಲ್ಲಿ, ಕುಮಾರವ್ಯಾಸನ ಗಮಕ ಕೇಳಿ ಬೆಳೆದೋರಿಗೆ ಆ ಲಯ ಬಿಡೋದು ಕಷ್ಟ. 1, 2, 4, 5ನೇ ಸಾಲಿಗೆ 3-4-3-4 ಅಂತ 14 ಮಾತ್ರೆ (ಲಘುವಿಗೆ 1 ಮಾತ್ರೆ, ಗುರುವಿಗೆ 2), 3 ಮತ್ತು 6ನೇ ಸಾಲಿಗೆ 3-4 ಮೂರು ಸಲ ಬಂದು ಮೇಲೊಂದು ಗುರು, ಒಟ್ಟು 23. ಈ ನಿಯಮ ಕೇಳಿದ್ರೆ ಪಟಪಟ ಅಂತ ಸರಿಯಾಗೇ ಹೇಳುತ್ತೆ. ಪದ್ಯ ಕೊಟ್ಟು ಲಘು ಗುರು ಹಾಕು ಅಂದಾಗ ಮಾತ್ರ ತಪ್ಪುತ್ತೆ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತೆ ಅನ್ನೋದನ್ನ ಅರ್ಧ ಕಡೆ ಮರೆಯುತ್ತೆ, ಕಣ್ಣು ಅನ್ನೋದಕ್ಕೆ 3 ಮಾತ್ರೆ ಬರಬೇಕಾದ ಕಡೆ 2 ಅಂತು. "ಖಚಿತಾನಾ" ಅಂದ್ರೆ ಕ್ಷಮೆ ಕೇಳಿ ಬೇರೆ ತಪ್ಪು ಉತ್ತರ. ಇದಕ್ಕೆ ಕಾರಣ ಇದೆ, ನಾವು ಓದೋ ಹಾಗೆ ಅದು ಅಕ್ಷರ ಅಕ್ಷರವಾಗಿ ಓದಲ್ಲ, ಪಠ್ಯವನ್ನ ತುಂಡು ತುಂಡು ಮಾಡ್ಕೊಂಡು ನೋಡುತ್ತೆ, ನಮಗೆ ಎರಡಕ್ಷರವಾದ ಕಣ್ಣು ಯೂನಿಕೋಡಲ್ಲೇ ಐದು ಸಂಕೇತ ಆಗುತ್ತೆ. ಕಿವಿ ಇಲ್ಲದ್ದು ಮಾತ್ರೆ ಹೇಗೆ ಎಣಿಸುತ್ತೆ.

ತಿದ್ದಿ ಕೊಡು ಅಂತೂ ಕೇಳ್ಬೇಡಿ. "ಹೋಗ್ಯಾನ", "ಬರತೇನಂದಾಳ" ಎಲ್ಲಾ "ಹೋಗಿದ್ದಾನೆ", "ಬರುತ್ತೇನೆ ಎಂದಳು" ಆಗಿ ವಾಪಸ್ ಬಂತು. ಸಾಲಿನ ಉಸಿರೇ ಹೋಯ್ತು.

ಇಷ್ಟೆಲ್ಲಾ ಹೇಳಿದ್ರೂ ನಾನು ಮತ್ತೆ ಬಳಸ್ತೀನಿ, ಯಾಕಂದ್ರೆ ಎರಡು ಕೆಲಸ ಅದು ನಿಜಕ್ಕೂ ಚೆನ್ನಾಗಿ ಮಾಡ್ತು. ಇಡೀ ಸಂಕಲನದಲ್ಲಿ ಏನೇನು ಮರುಕಳಿಸ್ತಿದೆ ಅಂತ ಕೇಳ್ದೆ, ಮೌನ ಅನ್ನೋ ಪದ ಪದ್ಯ ಬಿಟ್ಟು ಪದ್ಯದಲ್ಲಿ ಬರ್ತಿದೆ, ಬಹಳಷ್ಟು ಪದ್ಯ ಪ್ರಶ್ನೆಯಲ್ಲೇ ಮುಗೀತಿವೆ ಅಂತ ತೋರಿಸ್ತು. ನಾನೇ ಕೂತು ಪುಸ್ತಕ ತಿರುವಿ ನೋಡಿದಾಗ ಹೌದು, ಖಂಡಿತ ಹೌದು. ಮುನ್ನುಡಿಯಲ್ಲೂ ಬಿಡುಗಡೆ ಭಾಷಣದಲ್ಲೂ ಯಾರೂ ಹೇಳದೆ ಇದ್ದ ಮಾತು ಅದು, ಇದಕ್ಕೆ ನಾನು ಋಣಿ. ಅದು ಕೊಡೋ ಉದಾಹರಣೆ ಸಾಲುಗಳನ್ನ ಮಾತ್ರ ಪುಸ್ತಕದ ಜೊತೆ ಇಟ್ಟು ನೋಡಿ, ನಾನು ಬರೆಯದ ಸಾಲೊಂದನ್ನ ನನ್ನದು ಅಂತ ತೋರಿಸಿತ್ತು.

ಇನ್ನೊಂದು, ಅಭಿಪ್ರಾಯ ಕೇಳೋ ಬದಲು "ಈ ಪದ್ಯದಲ್ಲಿ ಯಾರು ಯಾರಿಗೆ ಏನು ಹೇಳ್ತಿದ್ದಾರೆ, ಎಲ್ಲಿ ಗೊಂದಲ ಆಯ್ತು ಅಷ್ಟೇ ಹೇಳು" ಅಂತ ಕೇಳಿ. ತಾಯಿ ಮಾತಾಡೋ ಒಂದು ಪದ್ಯದಲ್ಲಿ ಮಧ್ಯೆ ಮಗಳು ಮಾತು ತಗೋತಾಳೆ, ಎಐಗೆ ಅದು ಗೊತ್ತೇ ಆಗ್ಲಿಲ್ಲ, ಆಮೇಲೆ ಇಬ್ಬರು ಗೆಳೆಯರಿಗೆ ಓದೋಕೆ ಕೊಟ್ರೆ ಅವರೂ ಅಲ್ಲೇ ಎಡವಿದ್ರು. ಒಂದು ಖಾಲಿ ಸಾಲು ಬಿಟ್ಟೆ, ಸರಿ ಹೋಯ್ತು.

ದುಡ್ಡು ಕೊಟ್ಟು ಪ್ಲಾನ್ ತಗೊಳ್ಳೋದು ಕವನ ಸಂಕಲನಕ್ಕೆ ಬೇಕಿಲ್ಲ. ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನ ಒಡೆದು ನೋಡೋ ತುಂಡು) ತಿನ್ನುತ್ತೆ, ಒಟ್ಟಿಗೆ ಸುರಿದ್ರೆ ನಡುವಿನ ಪದ್ಯಗಳನ್ನ ಮೇಲಿಂದ ಮೇಲೆ ನೋಡಿ ಬಿಟ್ಟುಬಿಡುತ್ತೆ, ಅದಕ್ಕೆ ಇಡೀ ಸಂಕಲನದಲ್ಲಿ ಮರುಕಳಿಸೋದನ್ನ ಕೇಳೋವಾಗ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ನಾಲ್ಕೈದು ಪದ್ಯದ ಹಾಗೆ ಕೊಡಿ, ಪ್ರತಿ ಸಲ ಹೊಸ ಚಾಟ್ ಓಪನ್ ಮಾಡಿ. ಇನ್ನೂ ಪ್ರಕಟ ಆಗದ ಪದ್ಯ ಹಾಕೋ ಮುಂಚೆ ಸೆಟ್ಟಿಂಗ್ಸಲ್ಲಿ ನಿಮ್ಮ ಬರಹವನ್ನ ತರಬೇತಿಗೆ ಬಳಸ್ಕೊಳ್ಳೋ ಆಯ್ಕೆ ಆನ್ ಇದ್ಯಾ ನೋಡಿ, ಇದ್ರೆ ಆಫ್ ಮಾಡಿ. 5ಕ್ಕೆ 2.5 ಕೊಡ್ತೀನಿ. ಲಘು ಗುರುವಿನ ನಿಯಮ ಛಂದೋಂಬುಧಿ ಬರೆದ ನಾಗವರ್ಮನ ಕಾಲದಿಂದ, ಅಂದ್ರೆ 10ನೇ ಶತಮಾನದಿಂದ ಬರೆದಿಟ್ಟಿದ್ದೇ ಇದೆ, ಅದನ್ನ ತಪ್ಪಿಲ್ಲದೆ ಹಾಕೋ ಸಣ್ಣ ಪ್ರೋಗ್ರಾಂ ಒಂದನ್ನ ಈ ಆ್ಯಪ್ ಒಳಗೇ ಸೇರಿಸಿದ ದಿನ ಇನ್ನೊಂದು ಸ್ಟಾರ್ ಸಂತೋಷವಾಗಿ ಸೇರಿಸ್ತೀನಿ.